ವಾಲ್ವಿನ ದನಿ ಮನೆಗೆ ತಡವಾಗಿ ಬಂತು

ಮನೆಯಲ್ಲಿ ಸಂಗೀತ ಕೇಳುವ ಹೈ-ಫೈ ಸೆಟ್ಟನ್ನು ಇನ್ನಷ್ಟು ಸುಧಾರಿಸಬೇಕೆಂದು ಹೊರಟವರಿಗೆ ಒಂದು ಸೋಜಿಗ ಎದುರಾಗುತ್ತದೆ. ನೂರು ವಾಟಿನ ಹೊಸ ಆಂಪ್ಲಿಫೈಯರ್‌ಗಿಂತ ಹತ್ತು ವಾಟಿನ ಹಳೆಯ ಬಗೆಯದಕ್ಕೆ ಎಷ್ಟೋ ವೇಳೆ ಬೆಲೆ ಹೆಚ್ಚು. ಆ ಹಳೆಯ ಬಗೆಯ ಪೆಟ್ಟಿಗೆಯ ಮೇಲೆ ಸಾಲಾಗಿ ಗಾಜಿನ ಬುರುಡೆಗಳಿರುತ್ತವೆ. ಅವು ಕಾದು ಕೆಲಸಕ್ಕೆ ತೊಡಗಲು ಅರ್ಧ ನಿಮಿಷವಾದರೂ ಬೇಕು. ಕಾದ ಮೇಲೆ ಮುಟ್ಟಿದರೆ ಕೈ ಸುಡುತ್ತದೆ. ಕೆಲವು ಸಾವಿರ ಗಂಟೆ ದುಡಿದ ಮೇಲೆ ಅವುಗಳನ್ನು ಬದಲಿಸಬೇಕು. ಇಷ್ಟೆಲ್ಲ ತೊಡಕಿದ್ದರೂ ಅದನ್ನೇ ಬಯಸಿ ಕೊಳ್ಳುವವರಿದ್ದಾರೆ. ಇಂಗ್ಲೆಂಡಿನವರು ವಾಲ್ವ್ ಎಂದೂ ಅಮೆರಿಕದವರು ಟ್ಯೂಬ್ ಎಂದೂ ಕರೆಯುವ ವಸ್ತು ಇದೇ.

ಕೊಳ್ಳುವವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಅದು ಹಳೆಯ ಕಾಲದ ದನಿ, ಹಿರಿಯರು ಕೇಳುತ್ತಿದ್ದ ದನಿ. ಲಂಡನ್ನಿಗೋ ಮುಂಬಯಿಗೋ ಈ ಉತ್ತರ ಒಪ್ಪಬಹುದು. ಘಟಪ್ರಭೆಯ ಎರಡು ದಂಡೆಗಳ ಸೀಮೆಗೆ, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಗೆ, ಅದನ್ನು ಅನ್ವಯಿಸುವ ಮುನ್ನ ಸ್ವಲ್ಪ ಯೋಚಿಸಬೇಕು. ಇಲ್ಲಿಯ ಹಿರಿಯರು ವಾಲ್ವಿನ ದನಿಯನ್ನು ಕೇಳಿದ್ದು ನಿಜ. ಆದರೆ ಹೆಚ್ಚಿನವರು ಕೇಳಿದ್ದು ಮನೆಯಲ್ಲಲ್ಲ. ಜಾತ್ರೆಯಲ್ಲಿ, ತಂಬುವಿನ ಸಿನಿಮಾದಲ್ಲಿ, ಪಂಚಾಯಿತಿ ಕಟ್ಟೆಯ ಮುಂದೆ. ಈ ವ್ಯತ್ಯಾಸ ಇತಿಹಾಸದ ಕುತೂಹಲಕ್ಕಷ್ಟೇ ಸೀಮಿತವಲ್ಲ. ಇಂದು ಮನೆಗೆ ವಾಲ್ವ್ ಆಂಪ್ಲಿಫೈಯರ್ ತರುವವರು ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೂ ಅದು ದಾರಿ ತೋರಿಸುತ್ತದೆ.

ಬುರುಡೆಯೊಳಗಿನ ಕೆಲಸ

ವಾಲ್ವಿನ ಕೆಲಸವನ್ನು ಕಾಲುವೆಯ ತೂಬಿಗೆ ಹೋಲಿಸಬಹುದು. ತೂಬಿನ ಬಾಗಿಲನ್ನು ಎತ್ತಿ ಇಳಿಸಲು ಒಬ್ಬನ ಕೈ ಸಾಕು. ಅದರ ಮೂಲಕ ಹರಿಯುವ ನೀರು ಮಾತ್ರ ಎಕರೆಗಟ್ಟಲೆ ಹೊಲಕ್ಕೆ ಸಾಕಾಗುತ್ತದೆ. ವಾಲ್ವಿನಲ್ಲೂ ಹಾಗೆಯೇ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿನತ್ತ ಹರಿಯುತ್ತವೆ. ನಡುವೆ ತಂತಿಯ ಒಂದು ಜಾಲರಿ ಇದೆ. ಮೈಕಿನಿಂದಲೋ ರೆಕಾರ್ಡಿನ ಮುಳ್ಳಿನಿಂದಲೋ ಬಂದ ಬಲಹೀನ ವಿದ್ಯುತ್ತನ್ನು ಆ ಜಾಲರಿಗೆ ಕೊಟ್ಟರೆ ದೊಡ್ಡ ಹರಿವು ಅದರ ತಾಳಕ್ಕೆ ತಕ್ಕಂತೆ ಏರಿಳಿಯುತ್ತದೆ. ಸಣ್ಣ ದನಿ ದೊಡ್ಡದಾಗುವುದು ಹೀಗೆ.

೧೯೦೪ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ಭಾಗಗಳ ವಾಲ್ವನ್ನು ರೂಪಿಸಿದರು. ಎರಡು ವರ್ಷಗಳ ಅನಂತರ, ೧೯೦೬ರಲ್ಲಿ, ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಭಾಗವನ್ನು ಸೇರಿಸಿದರು. ಅದು ದನಿಯನ್ನು ಹಿಗ್ಗಿಸಬಲ್ಲದು ಎಂಬುದು ಚೆನ್ನಾಗಿ ಮನವರಿಕೆಯಾಗಲು ಮತ್ತೆ ಆರು ವರ್ಷಗಳಾದವು. ೧೯೧೫ರಲ್ಲಿ ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಟೆಲಿಫೋನಿನಲ್ಲಿ ಮಾತನಾಡಲು ಸಾಧ್ಯವಾದದ್ದು ವಾಲ್ವಿನ ಬಲದಿಂದ.

ಸಂಗೀತಕ್ಕೆ ಇದರ ಫಲ ದೊರೆತದ್ದು ೧೯೨೫ರಿಂದ. ಅಲ್ಲಿಯವರೆಗೆ ಗ್ರಾಮಫೋನ್ ರೆಕಾರ್ಡಿಗೆ ಹಾಡುವವರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಒತ್ತಡವೇ ನೇರವಾಗಿ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ಆ ವರ್ಷದಿಂದ ಮೈಕ್ ಮತ್ತು ವಾಲ್ವ್ ಆಂಪ್ಲಿಫೈಯರ್ ಬಂದು, ಮೆಲ್ಲನೆಯ ಸ್ವರವೂ ರೆಕಾರ್ಡಿಗೆ ಇಳಿಯುವಂತಾಯಿತು. ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್, ಮುಂದಿನ ದಶಕದಲ್ಲಿ ಮುಂಬಯಿಗೆ ಹೋಗಿ ರೆಕಾರ್ಡು ಕೊಡುವ ಹೊತ್ತಿಗೆ ಈ ಹೊಸ ಪದ್ಧತಿ ನೆಲೆಯೂರಿತ್ತು. ಮಲ್ಲಿಕಾರ್ಜುನ ಮನ್ಸೂರರ ಆರಂಭದ ರೆಕಾರ್ಡುಗಳೂ ಅದೇ ೧೯೩೦ರ ದಶಕದವು. ಅಂದರೆ ನಮ್ಮ ನಾಡಿನ ಈ ಹಿರಿಯ ಗಾಯಕರ ದನಿ ಮೊದಲು ತಟ್ಟೆಗೆ ಇಳಿದದ್ದೇ ವಾಲ್ವಿನ ಮೂಲಕ. ಅದನ್ನು ಕೇಳಿದವರ ಮನೆಯಲ್ಲಿ ಇದ್ದದ್ದು ಮಾತ್ರ ಕೈಯಿಂದ ಕೀಲಿ ಕೊಡುವ ಗ್ರಾಮಫೋನ್. ಅದಕ್ಕೆ ಕರೆಂಟೂ ಬೇಡ, ವಾಲ್ವೂ ಬೇಡ.

ನೀರಿನ ಬಲವಿತ್ತು, ಮನೆಗೆ ಕರೆಂಟಿರಲಿಲ್ಲ

ಘಟಪ್ರಭಾ ಸೀಮೆಗೂ ಯಂತ್ರಶಕ್ತಿಗೂ ಇರುವ ನಂಟು ಹಳೆಯದು. ಗೋಕಾಕ ಜಲಪಾತದಲ್ಲಿ ಸುಮಾರು ೧೭೦ ಅಡಿ ಧುಮುಕುವ ನದಿಯ ಬಲವನ್ನು ೧೮೮೭ರಷ್ಟು ಹಿಂದೆಯೇ ನೂಲಿನ ಗಿರಣಿಯ ಕೆಲಸಕ್ಕೆ ಹಚ್ಚಲಾಗಿತ್ತು. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು ೧೯೦೨ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು ೧೯೦೫ರಲ್ಲಿ. ಅದಕ್ಕೂ ಮೊದಲೇ ಇಲ್ಲಿ ನೀರು ಯಂತ್ರ ತಿರುಗಿಸುತ್ತಿತ್ತು. ಆದರೆ ಆ ಬಲ ಗಿರಣಿಗೆ ಮೀಸಲಾಗಿತ್ತು. ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಉರಿಯುತ್ತಿದ್ದುದು ಕಂದೀಲು, ಚಿಮಣಿ.

ಈ ಸೀಮೆಯ ಸ್ವಂತ ಸಂಗೀತಕ್ಕೆ ಅಂದು ಯಂತ್ರದ ಹಂಗು ಇರಲಿಲ್ಲ. ಶ್ರೀಕೃಷ್ಣ ಪಾರಿಜಾತವೆಂದರೆ ಕುಲಗೋಡ ತಮ್ಮಣ್ಣನ ಹೆಸರೂ ಕೌಜಲಗಿ ನಿಂಗಮ್ಮನ ಹೆಸರೂ ನೆನಪಾಗುತ್ತವೆ. ಎರಡೂ ಈ ಭಾಗದ ಊರುಗಳೇ. ಬಯಲಲ್ಲಿ ಇಡೀ ರಾತ್ರಿ ನಡೆಯುವ ಆಟದಲ್ಲಿ ಕಡೆಯ ಸಾಲಿನವರಿಗೂ ಹಾಡು ಮುಟ್ಟಿಸಬೇಕಾದರೆ ಮೇಲಿನ ಶ್ರುತಿ ಹಿಡಿಯಬೇಕು, ಕಂಠ ಗಟ್ಟಿಯಿರಬೇಕು. ಮೈಕ್ ಬರುವ ಮೊದಲು ಕಲಾವಿದರ ಎದೆಯೇ ಆಂಪ್ಲಿಫೈಯರ್ ಆಗಿತ್ತು.

ವಾಲ್ವ್ ಇಲ್ಲಿಗೆ ಬಂದದ್ದು ಜನಸಂದಣಿಯ ಜೊತೆಗೆ. ಮೊದಲು ಬಂದದ್ದು ಮಾತಾಡುವ ಸಿನಿಮಾ. ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಹುಕ್ಕೇರಿಯಿಂದ ಸಂಕೇಶ್ವರ, ನಿಪ್ಪಾಣಿ ದಾಟಿ ಹೋದರೆ ಸಿಗುವ ಊರು ಅದು. ಊರೂರು ಸುತ್ತುವ ಟೂರಿಂಗ್ ಟಾಕೀಸುಗಳು ತಮ್ಮ ಕರೆಂಟನ್ನು ತಾವೇ ತರುತ್ತಿದ್ದವು. ತಂಬುವಿನ ಹಿಂದೆ ಎಣ್ಣೆಯ ಎಂಜಿನ್ನು, ಅದಕ್ಕೆ ಕಟ್ಟಿದ ಡೈನಮೋ, ಮುಂದೆ ಪರದೆಯ ಬದಿಯಲ್ಲಿ ಸ್ಪೀಕರು.

ಬಳಿಕ ಬಂದದ್ದು ಮೈಕ್ ಸೆಟ್. ೧೯೩೦ರ ದಶಕದ ಕಾಂಗ್ರೆಸ್ ಸಭೆಗಳ ಫೋಟೋಗಳಲ್ಲಿ ನಾಯಕರ ಮುಂದಿನ ಮೈಕಿನ ಮೇಲೆ ‘ಶಿಕಾಗೋ ರೇಡಿಯೋ’ ಎಂಬ ಹೆಸರು ಕಾಣುವುದುಂಟು. ಮುಂಬಯಿಯ ಮೋಟವಾನೆ ಮನೆತನದ ಕಂಪನಿ ಅದು. ಮುಂದೆ ದಿಲ್ಲಿಯ ಅಹುಜಾ ಮುಂತಾದ ಹೆಸರುಗಳು ಜಾತ್ರೆ, ಮದುವೆ, ಚುನಾವಣೆಗಳ ಮೂಲಕ ಹಳ್ಳಿಗೂ ಪರಿಚಯವಾದವು.

ಕಡೆಗೆ ಬಂದದ್ದು ರೇಡಿಯೋ. ಧಾರವಾಡದ ಆಕಾಶವಾಣಿ ನಿಲಯ ಆರಂಭವಾದದ್ದು ೧೯೫೦ರ ಜನವರಿ ೮ರಂದು. ಬೆಳಗಾವಿ ಜಿಲ್ಲೆ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಕರೆಂಟಿಲ್ಲದ ಊರಲ್ಲಿ ವಾಲ್ವ್ ರೇಡಿಯೋ ನಡೆಸಬೇಕಾದರೆ ೯೦ ವೋಲ್ಟಿನ ದೊಡ್ಡ ಬ್ಯಾಟರಿ ಬೇಕಿತ್ತು. ಅದರ ಖರ್ಚು ತಾಳುವ ಮನೆಗಳು ಕೆಲವೇ. ಉಳಿದವರು ಅಂಥ ಮನೆಯ ಜಗಲಿಗೋ ಪಂಚಾಯಿತಿ ಕಟ್ಟೆಗೋ ಹೋಗಿ ಕೂಡುತ್ತಿದ್ದರು.

ವಾಲ್ವಿಗೆ ಸಿಕ್ಕ ಅವಧಿ

ಇಲ್ಲಿ ಮೂರು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಮೊದಲನೆಯದು ೧೯೪೭. ಆ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಎಂಬ ಎಂಜಿನಿಯರ್ ೧೫ ವಾಟಿನ ವಾಲ್ವ್ ಆಂಪ್ಲಿಫೈಯರಿನ ನಕ್ಷೆಯನ್ನು ಪ್ರಕಟಿಸಿದರು. ಧ್ವನಿಯ ವಿಕೃತಿಯನ್ನು ನೂರಕ್ಕೆ ೦.೧ರ ಮಟ್ಟಕ್ಕೆ ಇಳಿಸಿದ ನಕ್ಷೆ ಅದು. ಮನೆಯ ಹೈ-ಫೈ ಎಂಬ ಹವ್ಯಾಸಕ್ಕೆ ಅಡಿಪಾಯ ಹಾಕಿದವುಗಳಲ್ಲಿ ಅದೂ ಒಂದು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಟ್ರಾನ್ಸಿಸ್ಟರನ್ನು ಕಂಡುಹಿಡಿದರು. ವಾಲ್ವ್ ಮನೆಗೆ ಕಾಲಿಡುವ ಹೊತ್ತಿಗೇ ಅದರ ಉತ್ತರಾಧಿಕಾರಿಯೂ ಹುಟ್ಟಿಯಾಗಿತ್ತು.

ಎರಡನೆಯದು ೧೯೬೧. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿದ್ದು ಆ ವರ್ಷ. ಮರುವರ್ಷ ಅದೇ ಸಂಸ್ಥೆ ಟ್ರಾನ್ಸಿಸ್ಟರಿನಂಥ ಜರ್ಮೇನಿಯಂ ಸಾಧನಗಳ ತಯಾರಿಕೆಗೂ ಕೈಹಾಕಿತು. ನಮ್ಮ ನಾಡಿನಲ್ಲಿ ತಯಾರಾದ ವಾಲ್ವಿಗೆ ಎದುರಾಳಿಯಿಲ್ಲದೆ ಸಿಕ್ಕ ಅವಧಿ ಒಂದೇ ವರ್ಷ ಎನ್ನಬಹುದು. ಬಿಇಎಲ್ ಮುದ್ರೆಯ ಇಎಲ್ ೮೪, ಇಸಿಸಿ ೮೩ ವಾಲ್ವುಗಳು ಮುಂದೆಯೂ ಬಹುಕಾಲ ಬಂದವು. ಇಂದು ಅವು ತಯಾರಾಗುತ್ತಿಲ್ಲ. ಬಳಸದೆ ಉಳಿದ ಹಳೆಯ ದಾಸ್ತಾನಿಗೆ ಮಾತ್ರ ಹೊರದೇಶದ ಹವ್ಯಾಸಿಗಳಲ್ಲೂ ಗಿರಾಕಿಗಳಿದ್ದಾರೆ.

ಮೂರನೆಯದು ೧೯೬೯. ಹಳ್ಳಿಗಳಿಗೆ ಕರೆಂಟು ಮುಟ್ಟಿಸಲು ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಮಾದರಿಯಲ್ಲಿ, ಅವುಗಳ ನೆರವಿನಿಂದ, ದೇಶದಲ್ಲಿ ಪ್ರಯೋಗವಾಗಿ ಐದು ಸಹಕಾರಿ ಸಂಘಗಳನ್ನು ಕಟ್ಟಲಾಯಿತು. ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ ಮತ್ತು ಲಖನೌ ಸಂಘಗಳ ಸಾಲಿನಲ್ಲಿ ನಮ್ಮ ರಾಜ್ಯದ ಹುಕ್ಕೇರಿಯ ಸಂಘವೂ ಇತ್ತು. ಕರ್ನಾಟಕದಲ್ಲಿ ಈ ಬಗೆಯ ಸಂಘ ಅದೊಂದೇ. ಅಂದರೆ ಈ ಸೀಮೆಯ ಎಷ್ಟೋ ಮನೆಗಳ ಗೋಡೆಗೆ ಸ್ವಿಚ್ಚು ಬಂದದ್ದು ೧೯೭೦ರ ಆಸುಪಾಸಿನಲ್ಲಿ. ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಬಂದಿತ್ತು. ಕಡಿಮೆ ಬೆಲೆ, ಸಣ್ಣ ಬ್ಯಾಟರಿ, ಹೊಲಕ್ಕೂ ಒಯ್ಯಬಹುದು. ಕರೆಂಟು ಬರುವುದಕ್ಕೂ ವಾಲ್ವ್ ಹಿಂದೆ ಸರಿಯುವುದಕ್ಕೂ ಸರಿಹೋಯಿತು.

ಹೀಗಾಗಿ ಘಟಪ್ರಭಾ ಸೀಮೆಯ ಬಹುಪಾಲು ಮನೆಗಳಿಗೆ ವಾಲ್ವಿನ ಕಾಲ ಎಂಬುದು ಬರಲೇ ಇಲ್ಲ. ಇಲ್ಲಿ ಇಂದು ವಾಲ್ವ್ ಆಂಪ್ಲಿಫೈಯರನ್ನು ಮನೆಗೆ ತರುವವರು ಬಿಟ್ಟುಹೋದದ್ದನ್ನು ಮರಳಿ ತರುತ್ತಿಲ್ಲ. ಬೀದಿಯಲ್ಲಿದ್ದ ವಸ್ತುವನ್ನು ಮೊದಲ ಸಲ ಒಳಗೆ ಕರೆಯುತ್ತಿದ್ದಾರೆ.

ಜಾತ್ರೆಯ ಲೆಕ್ಕ, ಮನೆಯ ಲೆಕ್ಕ

ಬೀದಿಯ ಆ ವಸ್ತುವಿನಿಂದ ಕಲಿಯುವ ಪಾಠ ಒಂದಿದೆ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಚಿಕ್ಕ ಚಿತ್ರಮಂದಿರಗಳಿಗೆಂದು ೧೯೩೬ರಲ್ಲಿ ಹೊರತಂದ ಆಂಪ್ಲಿಫೈಯರಿನ ಶಕ್ತಿ ಹತ್ತು ವಾಟಿನ ಆಸುಪಾಸು. ಇಂದು ಮೇಜಿನ ಮೇಲಿಡುವ ಪುಟ್ಟ ಸ್ಪೀಕರಿಗೂ ಅದಕ್ಕಿಂತ ಹೆಚ್ಚು ವಾಟ್ ಬರೆದಿರುತ್ತಾರೆ. ಹಾಗಿದ್ದರೆ ಅಷ್ಟರಲ್ಲಿ ಮಂದಿರ ತುಂಬುವ ದನಿ ಹೇಗೆ ಬಂತು? ಉತ್ತರ ಆಂಪ್ಲಿಫೈಯರಿನಲ್ಲಿಲ್ಲ, ಸ್ಪೀಕರಿನಲ್ಲಿದೆ. ಕಹಳೆಯ ಆಕಾರದ ಆ ಸ್ಪೀಕರುಗಳು ಕೊಟ್ಟ ಅಲ್ಪ ಶಕ್ತಿಯನ್ನು ಪೋಲು ಮಾಡದೆ ದನಿಯಾಗಿಸುತ್ತಿದ್ದವು. ಜಾತ್ರೆಯ ಕಂಬಕ್ಕೆ ಕಟ್ಟುವ ಮೈಕಿನ ಹಾರ್ನೂ ಇದೇ ಜಾತಿಯದು.

ಸ್ಪೀಕರಿನ ಈ ಗುಣವನ್ನು ಸಂವೇದನಾಶೀಲತೆ ಎನ್ನುತ್ತಾರೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ದನಿ ಬರುತ್ತದೆ ಎಂಬುದೇ ಅದರ ಅಳತೆ. ಸ್ಪೀಕರಿನ ಕೈಪಿಡಿಯಲ್ಲಿ ಅದನ್ನು ಅಚ್ಚು ಹಾಕಿರುತ್ತಾರೆ. ಮನೆಯ ಸ್ಪೀಕರುಗಳಲ್ಲಿ ಅದು ೮೪ ಇರಬಹುದು, ೯೦ ಇರಬಹುದು. ಮೈಕಿನ ಹಾರ್ನಿನಲ್ಲಿ ೧೦೦ ದಾಟುತ್ತದೆ.

ಡೆಸಿಬೆಲ್ ಲೆಕ್ಕದಲ್ಲಿ ಶಕ್ತಿ ಇಮ್ಮಡಿಯಾದರೆ ದನಿ ಏರುವುದು ೩ ಮಾತ್ರ. ೯೦ರ ಸ್ಪೀಕರಿಗೆ ೮ ವಾಟ್ ಕೊಟ್ಟರೆ ೯೯ ಡೆಸಿಬೆಲ್ ಸಿಗುತ್ತದೆ. ೮೪ರ ಸ್ಪೀಕರಿನಿಂದ ಅದೇ ೯೯ ಪಡೆಯಲು ೩೨ ವಾಟ್ ಬೇಕು. ಕೇವಲ ೬ ಡೆಸಿಬೆಲ್ ಅಂತರ, ಖರ್ಚು ನಾಲ್ಕು ಪಟ್ಟು. ಮನೆಯ ಪಡಸಾಲೆಯಲ್ಲಿ ಹಿತವಾಗಿ ಹಾಡು ಕೇಳುವಾಗ ೯೦ರ ಸ್ಪೀಕರು ಬಳಸುವುದು ಒಂದು ವಾಟಿಗಿಂತಲೂ ಕಡಿಮೆ ಶಕ್ತಿ. ತಬಲಾದ ಒಂದು ಗಟ್ಟಿ ಪೆಟ್ಟಿಗೋ ಗಾಯಕರ ತಾರಸ್ಥಾಯಿಯ ಒಂದು ಪುಕಾರಿಗೋ ಒಮ್ಮೆಗೆ ಅದರ ಹತ್ತು ಪಟ್ಟೋ ಇನ್ನೂ ಹೆಚ್ಚೋ ಬೇಕಾಗುತ್ತದೆ. ಆ ಕ್ಷಣಕ್ಕಾಗಿ ಮಿಗತೆ ಇರಬೇಕು.

ಆದ್ದರಿಂದ ಆಂಪ್ಲಿಫೈಯರ್ ಆರಿಸುವ ಮೊದಲು ನೋಡಬೇಕಾದದ್ದು ಈಗಾಗಲೇ ಮನೆಯಲ್ಲಿರುವ ಸ್ಪೀಕರಿನ ಕೈಪಿಡಿಯನ್ನು. ಅದರ ಸಂಖ್ಯೆ ೮೫ಕ್ಕಿಂತ ಕಡಿಮೆಯಿದ್ದರೆ ಹತ್ತು ವಾಟಿನ ವಾಲ್ವ್ ಸೆಟ್ ತಂದು ನಿರಾಶರಾಗುವ ಬದಲು, ಅದೇ ಹಣದಲ್ಲಿ ಮೊದಲು ಒಳ್ಳೆಯ ಸ್ಪೀಕರು ಕೊಳ್ಳುವುದು ಲೇಸು. ೯೦ ದಾಟಿದ್ದರೆ ಹತ್ತು ವಾಟೇ ಸಾಕು. ಇನ್ನೊಂದು ಸಂಗತಿ ಸ್ಪೀಕರಿನ ಓಮ್ ಸಂಖ್ಯೆ. ೮ ಓಮ್ ಎಂದು ಬರೆದಿದ್ದರೂ ಕೆಲವು ಸ್ಪೀಕರುಗಳು ಕೆಲವು ಸ್ವರಗಳಲ್ಲಿ ೩ ಓಮಿಗೆ ಇಳಿಯುತ್ತವೆ. ಅಂಥವನ್ನು ಹಿಡಿತದಲ್ಲಿಡುವುದು ವಾಲ್ವಿಗೆ ಕಷ್ಟ. ಟ್ರಾನ್ಸಿಸ್ಟರೇ ಅವಕ್ಕೆ ಸರಿ.

ಇಂಪು ಎಲ್ಲಿಂದ ಬರುತ್ತದೆ?

ಅಳತೆಯ ದೃಷ್ಟಿಯಿಂದ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರೇ ಮುಂದು. ಅದರ ವಿಕೃತಿ ಕಡಿಮೆ, ಶಕ್ತಿ ಹೆಚ್ಚು, ಕರೆಂಟಿನ ಖರ್ಚು ಕಡಿಮೆ. ಇದರಲ್ಲಿ ವಾದವಿಲ್ಲ. ಆದರೂ ವಾಲ್ವ್ ಇಂಪಾಗಿ ಕೇಳುತ್ತದೆ ಎನ್ನುವವರ ಮಾತು ಬರೀ ಭ್ರಮೆಯೂ ಅಲ್ಲ. ವಾಲ್ವ್ ಸೇರಿಸುವ ವಿಕೃತಿಯ ಬಗೆಯೇ ಬೇರೆ.

ಒಂದೇ ಪವರ್ ವಾಲ್ವ್ ಇಡೀ ಅಲೆಯನ್ನು ನಿಭಾಯಿಸುವ ಸೆಟ್ಟಿನಲ್ಲಿ ಮುಖ್ಯವಾಗಿ ಸೇರುವುದು ಮೂಲ ಸ್ವರದ ಎರಡು ಪಟ್ಟು ಕಂಪನದ ಸ್ವರ. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಷಡ್ಜಕ್ಕೆ ಮೇಲಿನ ಷಡ್ಜ. ಹಾಗಾಗಿ ಅದು ಕಿವಿಗೆ ಒರಟಾಗಿ ತಾಗುವುದಿಲ್ಲ, ದನಿಯನ್ನು ತುಂಬಿದಂತೆ ಮಾಡುತ್ತದೆ. ಈ ಬಗೆಯಲ್ಲಿ ಇಎಲ್ ೮೪ ವಾಲ್ವಿನಿಂದ ಸುಮಾರು ೫ ವಾಟ್, ದುಬಾರಿಯಾದ ೩೦೦ ಬಿ ವಾಲ್ವಿನಿಂದ ಸುಮಾರು ೮ ವಾಟ್ ಸಿಗುತ್ತದೆ.

ಇನ್ನೊಂದು ಬಗೆ ಪುಶ್-ಪುಲ್. ಮರ ಕೊಯ್ಯುವ ದೊಡ್ಡ ಗರಗಸದ ಎರಡು ತುದಿ ಹಿಡಿದ ಇಬ್ಬರಂತೆ ಇಲ್ಲಿ ಜೋಡಿ ವಾಲ್ವುಗಳು ದುಡಿಯುತ್ತವೆ. ಒಂದು ಎಳೆದಾಗ ಇನ್ನೊಂದು ಬಿಡುತ್ತದೆ. ಇದರಲ್ಲಿ ಮೇಲಿನ ಷಡ್ಜದ ವಿಕೃತಿ ಪರಸ್ಪರ ಕಳೆದುಹೋಗಿ, ಮೂರು ಪಟ್ಟಿನದು, ಅಂದರೆ ಮೇಲಿನ ಪಂಚಮ, ಅಲ್ಪ ಪ್ರಮಾಣದಲ್ಲಿ ಉಳಿಯುತ್ತದೆ. ಜೋಡಿ ಇಎಲ್ ೮೪ ಹತ್ತರಿಂದ ಹದಿನೈದು ವಾಟ್, ಜೋಡಿ ಇಎಲ್ ೩೪ ಮೂವತ್ತು ವಾಟಿಗೂ ಹೆಚ್ಚು ಕೊಡುತ್ತವೆ. ಮನೆಯಲ್ಲಿ ಸಾಮಾನ್ಯ ಸ್ಪೀಕರು ಇದ್ದವರಿಗೆ ಈ ಬಗೆಯೇ ಹೊಂದುತ್ತದೆ.

ಜೊತೆಗೆ, ಮಿತಿ ಮೀರಿದಾಗ ವಾಲ್ವಿನಲ್ಲಿ ಅಲೆಯ ತುದಿ ಮೆಲ್ಲಗೆ ಬಾಗುತ್ತದೆ. ಟ್ರಾನ್ಸಿಸ್ಟರಿನಲ್ಲಿ ಕತ್ತರಿಯಿಂದ ಕತ್ತರಿಸಿದಂತಾಗುತ್ತದೆ. ಸಣ್ಣ ಶಕ್ತಿಯ ವಾಲ್ವ್ ಸೆಟ್ ತನ್ನ ಅಂಕಿಗಿಂತ ದೊಡ್ಡದಾಗಿ ಕೇಳುವುದಕ್ಕೆ ಇದೂ ಒಂದು ಕಾರಣ.

ಕೊಳ್ಳುವ ಮುನ್ನ

ಗಿರಾಕಿಯ ಕಣ್ಣು ಮೊದಲು ಹೋಗುವುದು ಹೊಳೆಯುವ ವಾಲ್ವಿನ ಮೇಲೆ. ಹೋಗಬೇಕಾದದ್ದು ಅದರ ಹಿಂದಿನ ಕಬ್ಬಿಣದ ಪೆಟ್ಟಿಗೆಯ ಮೇಲೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಂಬ ಆ ಭಾಗ ವಾಲ್ವಿನ ಹೆಚ್ಚು ವೋಲ್ಟೇಜನ್ನು ಸ್ಪೀಕರಿಗೆ ಹೊಂದುವಂತೆ ಇಳಿಸಿ ಕೊಡುತ್ತದೆ. ಡಗ್ಗಾದಂಥ ತಗ್ಗಿನ ನಾದ ಸರಿಯಾಗಿ ಬರಬೇಕಾದರೆ ಅದರಲ್ಲಿ ಸಾಕಷ್ಟು ಕಬ್ಬಿಣ, ಸಾಕಷ್ಟು ತಾಮ್ರ ಇರಬೇಕು. ಒಂದೇ ವಾಟಿನ ಎರಡು ಸೆಟ್ಟುಗಳಲ್ಲಿ ಒಂದು ತೀರ ಹಗುರವಾಗಿದ್ದರೆ ಸಂಶಯಪಡಬೇಕು. ವಾಲ್ವನ್ನು ಮುಂದೆ ಬದಲಿಸಬಹುದು, ಟ್ರಾನ್ಸ್‌ಫಾರ್ಮರ್ ಬದಲಿಸುವುದು ಹೊಸ ಸೆಟ್ ಕೊಂಡಷ್ಟೇ ದುಬಾರಿ.

ಎರಡನೆಯದು ಊರಿನ ಕರೆಂಟು. ಕಬ್ಬಿನ ಸೀಮೆಯಲ್ಲಿ ಪಂಪ್‌ಸೆಟ್ಟುಗಳು ಚಾಲೂ ಆದಾಗ ವೋಲ್ಟೇಜು ಕುಸಿಯುವುದು, ಬಂದ್ ಆದಾಗ ಏರುವುದು ಹೊಸದಲ್ಲ. ೨೩೦ ವೋಲ್ಟಿಗೆ ಮಾಡಿದ ಸೆಟ್ಟಿನಲ್ಲಿ ವಾಲ್ವನ್ನು ಕಾಯಿಸುವ ತಂತಿಗೆ ಸಿಗಬೇಕಾದದ್ದು ೬.೩ ವೋಲ್ಟ್. ಮನೆಯ ಕರೆಂಟು ೧೯೦ಕ್ಕೆ ಇಳಿದರೆ ಅದು ೫.೨ ಆಗುತ್ತದೆ, ೨೬೦ಕ್ಕೆ ಏರಿದರೆ ೭ ದಾಟುತ್ತದೆ. ಎರಡೂ ವಾಲ್ವಿನ ಆಯುಷ್ಯಕ್ಕೆ ಕೇಡು. ಒಳ್ಳೆಯ ಸ್ಟೆಬಿಲೈಜರಿನ ಬೆಲೆಯನ್ನೂ ಆಂಪ್ಲಿಫೈಯರಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಜಪಾನಿನ ೧೦೦ ವೋಲ್ಟಿನ ಸೆಟ್ಟನ್ನಾಗಲಿ ಅಮೆರಿಕದ ೧೨೦ ವೋಲ್ಟಿನದನ್ನಾಗಲಿ ಅಗ್ಗವೆಂದು ತರಿಸಿದರೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅಮೆರಿಕದ ೬೦ ಸೈಕಲ್ಲಿಗಷ್ಟೇ ಮಾಡಿದ್ದು ನಮ್ಮ ೫೦ ಸೈಕಲ್ಲಿನಲ್ಲಿ ಅತಿಯಾಗಿ ಕಾಯಲೂಬಹುದು.

ಮೂರನೆಯದ್ದು ಮುಂದಿನ ನಿರ್ವಹಣೆ. ಇಂದು ಹೊಸ ವಾಲ್ವುಗಳು ಮುಖ್ಯವಾಗಿ ಬರುವುದು ರಷ್ಯ, ಸ್ಲೊವಾಕಿಯ ಮತ್ತು ಚೀನಾದಿಂದ. ೨೦೨೨ರ ಮಾರ್ಚಿನಲ್ಲಿ ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ರಷ್ಯದ ರಫ್ತು ನಿಂತಾಗ ಜಗತ್ತಿನಾದ್ಯಂತ ವಾಲ್ವಿನ ಕೊರತೆ, ಬೆಲೆಯೇರಿಕೆ ಕಂಡವು. ಹೀಗಿರುವಾಗ ಎಲ್ಲೆಡೆ ಸಿಗುವ ಇಎಲ್ ೮೪, ಇಎಲ್ ೩೪, ಇಸಿಸಿ ೮೩ರಂಥ ವಾಲ್ವುಗಳನ್ನು ಬಳಸುವ ಸೆಟ್ಟೇ ಕ್ಷೇಮ. ಪವರ್ ವಾಲ್ವ್ ಬದಲಿಸಿದಾಗ ಅದರ ಹರಿವನ್ನು ಸರಿಹೊಂದಿಸುವುದಕ್ಕೆ ಬಯಾಸ್ ಎನ್ನುತ್ತಾರೆ. ಕೆಲವು ಸೆಟ್ಟುಗಳು ಅದನ್ನು ತಾವೇ ಹೊಂದಿಸಿಕೊಳ್ಳುತ್ತವೆ, ಕೆಲವಕ್ಕೆ ಮೀಟರ್ ಹಿಡಿದ ಮೆಕ್ಯಾನಿಕ್ ಬೇಕು. ತಿಳಿದ ಮೆಕ್ಯಾನಿಕ್ ಹತ್ತಿರದಲ್ಲಿಲ್ಲದವರು ಮೊದಲನೆಯ ಬಗೆಯನ್ನೇ ಆರಿಸಬೇಕು.

ಕರೆಂಟಿನ ಬಿಲ್ಲಿಗೆ ಹೆದರಬೇಕಿಲ್ಲ. ೧೫೦ ವಾಟ್ ಎಳೆಯುವ ಸೆಟ್ಟನ್ನು ದಿನಕ್ಕೆ ನಾಲ್ಕು ಗಂಟೆ ಹಚ್ಚಿದರೂ ತಿಂಗಳಿಗೆ ೧೮ ಯೂನಿಟ್. ಸ್ಪೀಕರಿನ ತಂತಿ ಜೋಡಿಸದೆ ವಾಲ್ವ್ ಸೆಟ್ಟನ್ನು ಎಂದೂ ಚಾಲೂ ಮಾಡಬಾರದು ಎಂಬುದನ್ನು ಮಾತ್ರ ನೆನಪಿಡಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಅಪಾಯವಿದೆ.

ಅಟ್ಟದ ಮೇಲಿನ ಪೆಟ್ಟಿಗೆ

ಹೊಸದನ್ನು ಕೊಳ್ಳುವವರ ಕಥೆ ಹೀಗಾದರೆ ಹಳೆಯದರ ಗತಿಯೇನು? ಜಾತ್ರೆ ಮದುವೆಗಳಲ್ಲಿ ದುಡಿದ ವಾಲ್ವ್ ಮೈಕ್ ಸೆಟ್ಟುಗಳು, ಅನುಕೂಲಸ್ಥರ ಮನೆಯ ದೊಡ್ಡ ರೇಡಿಯೋಗಳು ಅಟ್ಟ ಸೇರಿ ಧೂಳು ತಿನ್ನುತ್ತವೆ. ಮನೆ ಸಾರಿಸುವ ದಿನ ಗುಜರಿಗೆ ಹೋಗುತ್ತವೆ. ಗುಜರಿಯವರಿಗೆ ಬೇಕಾದದ್ದು ಟ್ರಾನ್ಸ್‌ಫಾರ್ಮರಿನೊಳಗಿನ ತಾಮ್ರ. ಅದನ್ನು ಒಡೆದು ತೂಕಕ್ಕೆ ಮಾರಿದರೆ ಸೆಟ್ಟಿನ ಅತ್ಯಂತ ಬೆಲೆಬಾಳುವ ಭಾಗವೇ ಹೋದಂತೆ. ಅದೇ ಭಾಗಕ್ಕಾಗಿ ಇನ್ನೊಬ್ಬರು ಪೇಟೆಯಲ್ಲಿ ಸಾವಿರಗಟ್ಟಲೆ ರೂಪಾಯಿ ಕೊಡಲು ಸಿದ್ಧರಿರುತ್ತಾರೆ.

ಹಾಗೆಂದು ಅಟ್ಟದಿಂದ ಇಳಿಸಿದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಚುಚ್ಚಬಾರದು. ಹತ್ತಾರು ವರ್ಷ ಸುಮ್ಮನಿದ್ದ ಕೆಪ್ಯಾಸಿಟರುಗಳು ಒಣಗಿರುತ್ತವೆ, ಸೋರುತ್ತವೆ. ಅದರಿಂದ ಪವರ್ ವಾಲ್ವ್ ಕೆಂಪಾಗಿ ಕಾದು ಹಾಳಾಗುತ್ತದೆ, ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಮನುಷ್ಯನಿಗೆ. ವಾಲ್ವ್ ಸೆಟ್ಟಿನೊಳಗೆ ೩೦೦ರಿಂದ ೪೫೦ ವೋಲ್ಟಿನವರೆಗೆ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರುಗಳಲ್ಲಿ ಅದು ಉಳಿದಿರಬಹುದು. ಅದು ಜೀವ ತೆಗೆಯಬಲ್ಲದು. ಬಲ್ಲವರಲ್ಲದೆ ಬೇರೆಯವರು ಅಡಿಯ ತಗಡು ಬಿಚ್ಚಲೇಬಾರದು. ಕೆಪ್ಯಾಸಿಟರುಗಳನ್ನು ಬದಲಿಸಿ, ಮೂರು ತಂತಿಯ ಅರ್ಥಿಂಗ್ ಕೊಟ್ಟರೆ ಇಂಥ ಸೆಟ್ಟುಗಳಲ್ಲಿ ಹಲವು ಮತ್ತೆ ನಡೆಯುತ್ತವೆ. ಆದರೆ ಮೈಕ್ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಭಾಷಣಕ್ಕೆಂದು ಮಾಡಿದ್ದು. ಮನೆಯ ಸಂಗೀತಕ್ಕೆ ಅದು ಎಲ್ಲ ಸಲ ಒಪ್ಪುತ್ತದೆಂದು ಹೇಳಲಾಗದು.

ಅದೇ ಅಟ್ಟದಲ್ಲಿ ಇನ್ನೊಂದು ವಸ್ತು ಇರುವುದುಂಟು. ಅದು ಹಳೆಯ ರೆಕಾರ್ಡುಗಳ ಕಟ್ಟು. ನಮ್ಮ ದೇಶದಲ್ಲಿ ೭೮ ಸುತ್ತಿನ ರೆಕಾರ್ಡುಗಳು ೧೯೭೦ರ ಸುಮಾರಿನವರೆಗೂ ತಯಾರಾದವು. ಅವುಗಳ ಗೀರು ಅಗಲವಾದದ್ದು. ಎಲ್‌ಪಿ ರೆಕಾರ್ಡಿನ ಸಣ್ಣ ಮುಳ್ಳಿನಲ್ಲಿ ನುಡಿಸಿದರೆ ದನಿ ಕೆಡುತ್ತದೆ, ಮುಳ್ಳೂ ಕೆಡುತ್ತದೆ. ತಗ್ಗಿನ ಮತ್ತು ಏರಿನ ಸ್ವರಗಳ ಪ್ರಮಾಣವನ್ನು ನಿಗದಿಪಡಿಸುವ ಆರ್‌ಐಎಎ ಮಾನದಂಡ ಬಂದದ್ದು ೧೯೫೪ರಲ್ಲಿ. ಅದಕ್ಕೂ ಹಿಂದಿನ ರೆಕಾರ್ಡುಗಳಿಗೆ ಬೇರೆ ಹೊಂದಾಣಿಕೆ ಬೇಕು. ಅಂಥ ರೆಕಾರ್ಡುಗಳಿರುವ ಮನೆಯವರು ಆಂಪ್ಲಿಫೈಯರಿಗೆ ಲಕ್ಷ ಸುರಿಯುವ ಮೊದಲು ಅಗಲ ಮುಳ್ಳಿನ ಪಿಕಪ್ಪಿಗೆ ಕೆಲವು ಸಾವಿರ ಖರ್ಚು ಮಾಡುವುದು ಜಾಣತನ. ಆಂಪ್ಲಿಫೈಯರನ್ನು ನಾಳೆಯೂ ಕೊಳ್ಳಬಹುದು. ಒಡೆದ ಅರಗಿನ ತಟ್ಟೆ ಮತ್ತೆ ಕೂಡುವುದಿಲ್ಲ.

ಇನ್ನು ಕಡೆಯ ಮಾತು ಕಿವಿಯದು. ಅಂಗಡಿಯವರು ಹಚ್ಚುವ ಪರದೇಶದ ರೆಕಾರ್ಡಿನಿಂದ ಸೆಟ್ಟನ್ನು ಅಳೆಯಬಾರದು. ನಿಮಗೆ ಬಾಯಿಪಾಠವಾದ ಒಂದು ಹಾಡನ್ನು ಜೊತೆಗೆ ಒಯ್ಯಬೇಕು. ತಂಬೂರಿಯ ಜವಾರಿ ಎಳೆಎಳೆಯಾಗಿ ಕೇಳುತ್ತದೆಯೇ, ಹಾರ್ಮೋನಿಯಂ ಗಾಯಕರ ಕಂಠವನ್ನು ಮುಚ್ಚುತ್ತದೆಯೇ, ಡಗ್ಗಾದ ಗುಮುಕು ಬಿಗಿಯಾಗಿದೆಯೇ, ಇಲ್ಲ ಉಬ್ಬಿದೆಯೇ ಎಂಬುದನ್ನು ಗಮನಿಸಬೇಕು. ದನಿ ತಗ್ಗಿಸಿದಾಗಲೂ ಸಾಹಿತ್ಯದ ಅಕ್ಷರಗಳು ಸ್ಪಷ್ಟವಾಗಿ ಕೇಳಿದರೆ ಆ ಸೆಟ್ ಮನೆಗೆ ಸರಿ. ಗಟ್ಟಿಯಾಗಿ ಹಚ್ಚಿದಾಗ ಮಾತ್ರ ಚೆನ್ನಾಗಿದೆ ಎನಿಸಿದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಒಳ್ಳೆಯದು. ಊರಿಗೆಲ್ಲ ಕೇಳಿಸುವುದು ಜಾತ್ರೆಯ ಮೈಕಿನ ಕೆಲಸ.